ಹತ್ತೊಂಬತ್ತನೆಯವರು

ಓಟದ ಶರ್ಯತ್ತಿನಲ್ಲಿ ಮೊದಲು ಬಂದವನ ಹೆಸರು ಊರಿಗೆಲ್ಲ ತಿಳಿಯುವದು. ಹತ್ತೊಂಬತ್ತನೆಯವನಾಗಿ ಬಂದವನ ಹೆಸರನ್ನು ಯಾರು ಕೇಳುವರು? ಬಹುಕಾಲ ನಾನೂ ಕೇಳಿದವನಲ್ಲ. ಜಮಖಂಡಿ ಸೀಮೆಯ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದೆನು. ವರ್ಷದ ಆಟಗಳಲ್ಲಿ ಕಾಗದ, ಪೆನ್ಸಿಲು ಹಿಡಿದು ಗೆರೆಯ ಬಳಿ ನಿಲ್ಲುವ ಕೆಲಸ ನನ್ನದು. ಮೂವರ ಹೆಸರನ್ನು ಬರೆದುಕೊಂಡೊಡನೆ ಪೆನ್ಸಿಲನ್ನು ಕಿಸೆಗೆ ಸೇರಿಸುವದು ನನ್ನ ರೂಢಿಯಾಗಿತ್ತು.

ನಿವೃತ್ತನಾದ ಮೇಲೆ ಫಡೆಪ್ಪ ದರೆಪ್ಪ ಚೌಗುಲೆಯವರ ಸಂಗತಿಯನ್ನು ಓದಿದೆನು. ಇವರು ನಮ್ಮ ನೆರೆಯ ಬೆಳಗಾವಿಯವರು. ಪುಣೆಯ ಡೆಕ್ಕನ್ ಜಿಮಖಾನೆಯ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು, ಹೊಲದಲ್ಲಿ ದುಡಿದು ಬಡ ಊಟ ಉಣ್ಣುವ ತರುಣರು ಬರಿಗಾಲಿನಲ್ಲಿ ಓಡುವದನ್ನು ಕಂಡು ಬೆರಗಾದರು. ಇಂಥವರು ಹೊರನಾಡಿನ ಓಟಗಾರರೊಡನೆ ಯಾಕೆ ಓಡಬಾರದೆಂದು ಅವರಿಗೆ ಅನಿಸಿತು. ಅವರ ಯತ್ನದಿಂದಲೂ ಹಣದಿಂದಲೂ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರಕ್ಕೆ, ಒಲಿಂಪಿಕ್ ಕ್ರೀಡೆಗಳಿಗಾಗಿ, ಒಂದು ಚಿಕ್ಕ ತಂಡ ಹೊರಟಿತು. ಅದರಲ್ಲಿ ಚೌಗುಲೆಯವರಿದ್ದರು.

1920ನೆಯ ಇಸವಿಯ ಆಗಸ್ಟ್ 22ರಂದು ಮ್ಯಾರಥಾನ್ ಓಟ ನಡೆಯಿತು. ದಾರಿ 42.75 ಕಿಲೋಮೀಟರು, ಅಂದರೆ ಇಪ್ಪತ್ತಾರೂವರೆ ಮೈಲು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿಗೆ ಓಟವನ್ನು ಮುಗಿಸಿ ಮೊದಲಿಗನಾದನು. ಎಸ್ಟೋನಿಯದ ಯೂರಿ ಲೊಸ್ಮನ್ ಹದಿಮೂರು ಸೆಕೆಂಡು ಹಿಂದೆ ಬಿದ್ದನು. ನಮ್ಮ ಚೌಗುಲೆಯವರು ಹತ್ತೊಂಬತ್ತನೆಯವರು. ಅವರ ಕಾಲ 2 ಗಂಟೆ 50 ನಿಮಿಷ 45.4 ಸೆಕೆಂಡು. ಆ ಸಲ ನಮ್ಮ ತಂಡಕ್ಕೆ ಒಂದು ಪದಕವೂ ದೊರೆಯಲಿಲ್ಲ.

ಈ ಅಂಕಿಗಳನ್ನು ಓದಿ ನಾನು ಪುಸ್ತಕವನ್ನು ಮಡಿಚಿಟ್ಟೆನು. ಗೆದ್ದವನು ಬಂದು ಹದಿನೆಂಟು ನಿಮಿಷ ಕಳೆದಿದ್ದವು. ಜನರ ಜಯಘೋಷ ಅಷ್ಟರಲ್ಲಿ ತಣ್ಣಗಾಗಿರಬೇಕು. ಆದರೂ ಗಡಿಯಾರ ಹಿಡಿದವರು ಗೆರೆಯನ್ನು ಬಿಟ್ಟು ಕದಲಲಿಲ್ಲ. ದೂರದೇಶದ ಅಪರಿಚಿತನೊಬ್ಬನ ಹೆಸರನ್ನು, ಸೆಕೆಂಡಿನ ಅಂಶವನ್ನೂ ಬಿಡದೆ, ಬರೆದಿಟ್ಟರು. ಅವರು ಬರೆದುದರಿಂದಲೇ ನೂರು ವರ್ಷಗಳಾಚೆ ನಾನು ಅದನ್ನು ಓದಿದೆನು.

ಆಗ ನನಗೆ ಬನಹಟ್ಟಿಯ ನೇಕಾರರ ಮನೆಯ ಹುಡುಗನೊಬ್ಬನು ನೆನಪಾದನು. ಆ ವರ್ಷದ ದೂರದ ಓಟದಲ್ಲಿ ಎಲ್ಲರಿಗಿಂತ ಹಿಂದೆ, ಒಬ್ಬನೇ ಬಂದನು. ಎರೆಮಣ್ಣಿನ ದಾರಿ, ಅಂಗಾಲು ಒಡೆದು ರಕ್ತ ಬರುತ್ತಿತ್ತು. ನಾವು ಬಹುಮಾನದ ಮೇಜನ್ನು ಅಣಿಮಾಡುತ್ತಿದ್ದೆವು. ಅವನು ನನ್ನೆದುರು ನಿಂತು ಏದುಸಿರು ಬಿಡುತ್ತ ಕೇಳಿದನು: “ಸರ್, ನನ್ನ ಹೆಸರ ಬರಕೊಂಡ್ರೇನ್ರಿ?”

“ಮೂರ ಮಂದೀದು ಬರದಾತಪಾ, ಸಾಕು” ಎಂದೆನು.

ಅವನು ತಲೆಯಾಡಿಸಿ ನೀರು ಕುಡಿಯಲು ಹೋದನು. ಮರುವರ್ಷ ಓಟಕ್ಕೆ ಹೆಸರು ಕೊಡಲಿಲ್ಲ. ನಾನು ಯಾಕೆಂದು ವಿಚಾರಿಸಲೂ ಇಲ್ಲ. ಚೌಗುಲೆಯವರ ಸಂಗತಿಯನ್ನು ಓದಿದ ರಾತ್ರಿ ಅವನ ಹೆಸರನ್ನು ನೆನಪಿಸಿಕೊಳ್ಳಲು ಬಹಳ ಹೊತ್ತು ಯತ್ನಿಸಿದೆನು. ಮುಖ ಬಂತು, ಕಾಲು ಬಂತು, ದನಿ ಬಂತು, ಹೆಸರು ಬರಲಿಲ್ಲ. ಹೇಗೆ ಬಂದೀತು? ನಾನು ಬರೆದುಕೊಂಡಿರಲಿಲ್ಲ.

ಶಾಲೆಗಳಲ್ಲಿ ಆಟಗಳನ್ನು ನಡೆಸುವ ತರುಣ ಶಿಕ್ಷಕರಲ್ಲಿ ಈ ಮುದುಕನ ಬಿನ್ನಹ ಇಷ್ಟೇ: ಕಡೆಯ ಹುಡುಗನು ಗೆರೆ ದಾಟುವವರೆಗೆ ಪೆನ್ಸಿಲನ್ನು ಕಿಸೆಗೆ ಹಾಕಬೇಡಿರಿ.