ತಿಳಿಯದೆನ್ನಬೇಕಾದ ವೈದ್ಯ

2020ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನಾನು ವಹಿಸಿದ್ದ ಉದ್ಯೋಗಕ್ಕೆ ಎರಡು ಮುಖಗಳಿದ್ದವು: ತೀವ್ರ ನಿಗಾ ಘಟಕದ ರೋಗಿಗಳ ಚಿಕಿತ್ಸೆ, ಮತ್ತು ಅದೇ ರೋಗಿಗಳಲ್ಲಿ ಔಷಧಿಗಳ ಪರೀಕ್ಷೆ. ಪರೀಕ್ಷೆಯೆಂದೊಡನೆ ಮನೆಯವರು ಬೆದರುವುದು ಸಹಜವೇ. ಕೋವಿಡ್ ತಗುಲಿ ಶ್ವಾಸಯಂತ್ರದ ಮೇಲಿದ್ದ ವೃದ್ಧರೊಬ್ಬರ ಪತ್ನಿಯು, ನೋಡಬರಲು ಅನುಮತಿಯಿಲ್ಲದುದರಿಂದ ದೂರವಾಣಿಯಲ್ಲಿಯೇ, "ಡಾಕ್ಟರೇ, ನಿಮಗೆ ಒಳ್ಳೆಯದೆಂದು ತೋರಿದುದನ್ನೇ ಕೊಡಬಾರದೇ?" ಎಂದು ಕೇಳಿದರು. ಒಳ್ಳೆಯದಾವುದೆಂದು ನಮಗೇ ತಿಳಿಯದು; ಡೆಕ್ಸಾಮೆಥಾಸೋನ್ ಕೊಡಬೇಕೋ ಬೇಡವೋ ಎಂಬುದನ್ನು ಗಣಕಯಂತ್ರವು ಚೀಟಿಯೆತ್ತಿದಂತೆ ನಿಶ್ಚಯಿಸುವುದು; ನೀವು ಒಪ್ಪದಿದ್ದರೂ ಶುಶ್ರೂಷೆಯಲ್ಲಿ ಕೊರತೆಯಾಗದು, ಎಂದೆನು. ವೈದ್ಯನೆಂದರೆ ಬಲ್ಲವನೆಂದು ನಂಬಿ ಬೆಳೆದ ನನಗೆ ಆ ಮಾತು ಎಷ್ಟು ಭಾರವಾಗಿತ್ತು! ಆಕೆ ಒಪ್ಪಿದರು. ಚೀಟಿಯಲ್ಲಿ ಔಷಧಿ ಬರಲಿಲ್ಲ. ಏಪ್ರಿಲಿನಲ್ಲಿಯೇ ಆಕೆಯ ಪತಿ ತೀರಿಕೊಂಡರು.

ರಿಕವರಿಯೆಂಬ ಆ ಪರೀಕ್ಷೆಯ ಫಲವು ಜೂನ್ 16ರಂದು ಪ್ರಕಟವಾಯಿತು. ಶ್ವಾಸಯಂತ್ರದ ಮೇಲಿದ್ದವರೊಳಗೆ, ಔಷಧಿ ಪಡೆಯದವರಲ್ಲಿ ನೂರಕ್ಕೆ 41 ಮಂದಿ 28 ದಿನಗಳೊಳಗೆ ಮೃತರಾಗಿದ್ದರೆ, ಪಡೆದವರಲ್ಲಿ 29 ಮಂದಿ. ಪ್ರಾಣವಾಯುವಿನ ನೆರವೇ ಬೇಡದವರಿಗೆ ಮಾತ್ರ ಅದರಿಂದ ಪ್ರಯೋಜನ ಕಾಣಲಿಲ್ಲ. ಸುಮಾರು ಅರುವತ್ತು ವರ್ಷಗಳಿಂದ ಬಳಕೆಯಲ್ಲಿದ್ದ ಅಗ್ಗದ ಔಷಧಿ. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಮರುದಿನ ಬೆಳಗ್ಗೆ ಶ್ವಾಸಯಂತ್ರದ ಬಳಿಯಿದ್ದ ಔಷಧಿಪಟ್ಟಿಗಳಲ್ಲಿ ಅದರ ಹೆಸರನ್ನು ನಾನೇ ಬರೆಯುತ್ತ ಹೋದೆನು.