ಉಪ್ಪಿನ ದಾರಿ

ನಾವು ಪಾವಗಡದ ಕಡೆಯವರು. ಕಡಲನ್ನು ಕ್ಯಾಲೆಂಡರಿನಲ್ಲಿ ಕಂಡವರು. ಈ ಬೇಸಿಗೆ ರಜೆಯಲ್ಲಿ ಮೂವರು ಮೇಷ್ಟ್ರುಗಳು ಅಂಕೋಲೆಯ ಗೆಳೆಯನ ಹತ್ತಿರ ಸೈಕಲ್ ಇಸಕೊಂಡು ಕುಮಟೆಯತ್ತ ಹೊರಟೆವು.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣದ ರಸ್ತೆ ಹಿಡಿದರೆ ಸಾಣಿಕಟ್ಟೆ. ಕಣ್ಣು ಕೋರೈಸುವ ಉಪ್ಪಿನ ಆಗರಗಳು. 'ಏನ್ ಸೀನರಿ ಕಣ್ರಪ್ಪ!' ಅಂದ ನಮ್ಮಲ್ಲೊಬ್ಬ. ಆ ಸೀನರಿಯೊಳಗೆ ಮನುಷ್ಯರಿದ್ದರು. ಭರತದ ನೀರನ್ನು ಒಳಬಿಟ್ಟು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಆರಿಸಿ, ಉದ್ದ ಹಿಡಿಯ ಹಲಗೆಯಲ್ಲಿ ಉಪ್ಪು ಎಳೆಯುತ್ತಿದ್ದರು. ತಲತಲಾಂತರದಿಂದ ಈ ಕೆಲಸ ಆಗೇರರದು. ಹೆಸರಿನಲ್ಲೇ ಆಗರ ಇದೆ, ಸರ್ಕಾರದ ಪಟ್ಟಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಬುಟ್ಟಿ ಇಳಿಸಿದ ಹೆಂಗಸೊಬ್ಬಳು ಕೇಳಿದಳು: 'ನಿಮ್ಮ ಬದಿಗೆ ಎಂತ ಬೆಳೀತ್ರಿ ತಮಾ?'

'ಕಡ್ಲೆಕಾಯಿ ಅಕ್ಕಾ. ಮಳೆ ಬಂದ್ರೆ ಉಂಟು.'

'ಮಳೆ ಬಂದ್ರೆ ನಮ್ಮದು ಕರಗಿ ಹೋಗ್ತದೆ.'

ಆಗರ ಯಾರದು ಅಂತ ಕೇಳಿದೆವು. 'ಕೂಲಿ ನಮ್ಮದು' ಎಂದು ನಕ್ಕಳು.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದೇ ವರ್ಷ ಮಾರ್ಚ್ 2ರಂದು ಬಾಬಾಸಾಹೇಬರ ಜನ ನಾಸಿಕದ ಕಾಳಾರಾಮ ಗುಡಿಯ ಬಾಗಿಲಿಗೆ ಹೋಗಿ ನಿಂತಿದ್ದನ್ನು ಹೇಳುವುದಿಲ್ಲ. ಪುಸ್ತಕದಲ್ಲಿಲ್ಲ ಅನ್ನುವುದು ನೆಪ. ಬಾಯಿ ನಮ್ಮದೇ ಅಲ್ಲವೆ?

ತದಡಿಯಲ್ಲಿ ಸೈಕಲ್ಲುಗಳನ್ನು ದೋಣಿಗೆ ಹತ್ತಿಸಿ ಅಘನಾಶಿನಿ ದಾಟಿದೆವು. ನೀರು ಇಳಿದಿತ್ತು. ಹೆಂಗಸರು ಸೊಂಟದ ನೀರಲ್ಲಿ ಬಗ್ಗಿ ಬಳಚು ಆರಿಸುತ್ತಿದ್ದರು. ಆಚೆ ಏರುದಾರಿ, ಸೈಕಲ್ ತಳ್ಳಿಕೊಂಡೇ ನಡೆದೆವು. ಕೆಳಗೆ ಕಡಲು, ಕಾಲಡಿ ಮುರಕಲ್ಲು. ಸುಳ್ಳು ಯಾಕೆ, ಚೆಂದವಿತ್ತು.

ಬಾಯಾರಿ ಒಂದು ಅಂಗಳದಲ್ಲಿ ನೀರು ಕೇಳಿದೆವು. ಚೊಂಬು ತಂದ ಹಿರಿಯರು ಊರು ಕೇಳಿದರು, ಆಮೇಲೆ ಮೆಲ್ಲಗೆ, 'ನಿಮ್ಮಲ್ಲಿ ಯಾವ ಪೈಕಿ?' ಎಂದರು.

'ನಾವು ಮೇಷ್ಟ್ರುಗಳು' ಅಂದೆವು. ಮೂವರೂ ಒಟ್ಟಿಗೆ, ಮೊದಲೇ ಮಾತಾಡಿಕೊಂಡವರ ಹಾಗೆ. ಚೊಂಬು ಕೈಗೆ ಬಂತು. ಕುಡಿದೆವು. ಸಂಘದ ಸಭೆಗಳಲ್ಲಿ ಮೈಕು ಹಿಡಿದು ಗುಡುಗುವ ನಾವೇ.

ಬಾಡದ ಮರಳು ಸಿಗುವವರೆಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಲ್ಲಿ ಒಬ್ಬ ಅಂಗಿ ಸಮೇತ ನೀರಿಗಿಳಿದ, ಹಿಂದೆಯೇ ನಾವೂ. ಊರ ಕೆರೆಯಲ್ಲಿ ನಮ್ಮ ಅಪ್ಪಂದಿರು ಹಾಗೆ ಇಳಿದವರಲ್ಲ.

ಮರುದಿನ ಸೈಕಲ್ ಒಪ್ಪಿಸಿದಾಗ ಗೆಳೆಯ ಚೈನು ಮುಟ್ಟಿ ನೋಡಿ ಬೈದ: 'ಉಪ್ಪು ನೀರು ತಾಗ್ಸಿದ್ರಲ್ಲ ಮಾರಾಯ್ರೆ, ತೊಳೀಲಿಕ್ಕಾಗ್ಲಿಲ್ವಾ?' ಹಿಂದಿನ ಸಂಜೆಯ ಮಾತನ್ನು ಅವನಿಗೂ ಹೇಳಲಿಲ್ಲ. ಇಲ್ಲಿ ಬರೆದಿದ್ದೇವೆ.