ಜಾಲಿಯ ತೊಟ್ಟಿಲು

ಜಾಲಿಗೆ ನಮ್ಮ ನಾಡಿನಲ್ಲಿ ಒಳ್ಳೆಯ ಹೆಸರಿಲ್ಲ. ಪುರಂದರದಾಸರು ದುರ್ಜನರ ಸ್ವಭಾವವನ್ನು ವರ್ಣಿಸುವಾಗ ಆರಿಸಿಕೊಂಡ ಉಪಮಾನವೂ ಇದೇ ಮರವಾಗಿದೆ. ದಾರಿಯಲ್ಲಿ ಮುಳ್ಳು ತುಳಿದವನು ಜಾಲಿಯನ್ನು ಶಪಿಸುವನು. ಒಕ್ಕಲಿಗನು ಬೇಲಿಗೆಂದು ಅದರ ಕೊಂಬೆಗಳನ್ನು ಕಡಿದು ಎಳೆತರುವನು. ಉಳಿದುದು ಒಲೆಯ ಪಾಲಾಗುವುದು. ಇಷ್ಟಕ್ಕೇ ಆ ಮರದ ಪ್ರಯೋಜನವು ಮುಗಿಯಿತೆಂದು ಬಹುಜನರ ತಿಳಿವಳಿಕೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಬಯಲಿನಲ್ಲಿ ಬಾಳುವ ನಮ್ಮಂಥವರು ಈ ಮಾತನ್ನು ಒಪ್ಪಿ ಸುಮ್ಮನಿರುವಂತಿಲ್ಲ. ತೇಗವೂ ಬೀಟೆಯೂ ಮಲೆನಾಡಿನವರ ಭಾಗ್ಯ. ನಮ್ಮ ಪಾಲಿಗೆ ಬಂದುದು ಜಾಲಿ. ಬಂದುದರ ಬೆಲೆಯನ್ನು ಅರಿತುಕೊಳ್ಳುವುದು ಗೃಹಸ್ಥನ ಧರ್ಮವಲ್ಲವೆ?

ಜಾಲಿ ಎಂಬ ಹೆಸರಿನಲ್ಲಿ ಹಲವು ಮರಗಳು ಸೇರಿಕೊಂಡಿರುವುದರಿಂದ ಮೊದಲು ಅದನ್ನು ಬಿಡಿಸಿ ಹೇಳಬೇಕು. ನಾನು ಹೇಳಹೊರಟಿರುವುದು ಕರಿಜಾಲಿಯನ್ನು. ಕೆಲವು ಕಡೆ ಇದನ್ನೇ ಗೊಬ್ಬಳಿ ಎನ್ನುವರು. ಕಪ್ಪು ಬಿರಿದ ತೊಗಟೆ, ಹಳದಿಯ ಗುಂಡುಹೂ, ಮಣಿ ಪೋಣಿಸಿದಂತಹ ಕಾಯಿ ಇದರ ಗುರುತು. ಬಿಳಿಜಾಲಿಯು ಇದರ ಬಂಧು. ಬಳ್ಳಾರಿ ಜಾಲಿಯಾದರೋ ಹೆಸರಿನಿಂದ ನಮ್ಮದಾದರೂ ಹುಟ್ಟಿನಿಂದ ಪರದೇಶಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಖಂಡದಿಂದ ತಂದು ಬಿತ್ತಿದ್ದು, ಈಗ ಕೆರೆ ಹೊಲಗಳನ್ನೆಲ್ಲ ಆಕ್ರಮಿಸಿಕೊಂಡಿದೆ. ಮಲೆನಾಡಿನ ನೆಡುತೋಪುಗಳಲ್ಲಿ ಅಕೇಶಿಯ ಎಂದು ಕರೆಯಲ್ಪಡುವ ಮರವು ಆಸ್ಟ್ರೇಲಿಯದ ಕಡೆಯಿಂದ ಬಂದುದು. ಇದರಲ್ಲೊಂದು ವಿನೋದವುಂಟು. ಮುಳ್ಳು ಎಂಬ ಅರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ ಅಕೇಶಿಯ ಎಂಬ ಹೆಸರು ಮೊದಲು ಸಂದದ್ದು ನಮ್ಮ ಕರಿಜಾಲಿಗೇ. ಆದರೆ 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರ ಮಹಾಸಭೆಯು ಆ ಹೆಸರನ್ನು ಆಸ್ಟ್ರೇಲಿಯದ ಜಾತಿಗಳಿಗೆ ಉಳಿಸಲು ಒಪ್ಪಿ, 2011ರ ಮೆಲ್ಬರ್ನ್ ಸಭೆಯು ಅದನ್ನೇ ಸ್ಥಿರಪಡಿಸಿತು. ಈಗ ಶಾಸ್ತ್ರದ ಪುಸ್ತಕಗಳಲ್ಲಿ ಕರಿಜಾಲಿಯ ಹೆಸರು ವಾಚೆಲಿಯ ನಿಲೋಟಿಕ. ನಿಲೋಟಿಕ ಎಂದರೆ ನೈಲ್ ನದಿಯದು. ಆ ನದಿಯ ಸರಕಿನ ದೋಣಿಗಳನ್ನು ಮುಳ್ಳುಮರದಿಂದ ಕಟ್ಟುತ್ತಿದ್ದರೆಂದು ಗ್ರೀಕ್ ಇತಿಹಾಸಕಾರನಾದ ಹಿರೊಡೊಟಸನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿರುವನು.

ಮರವನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಹೊರಗಡೆ ನಸುಹಳದಿಯ ಬೆಳ್ಳನೆಯ ಭಾಗವೂ ಒಳಗಡೆ ಕೆಂಪಾದ ಚೇಗೂ ಕಾಣುವುವು. ಹೊಸದಾಗಿ ಕೊಯ್ದ ಚೇಗು ತಿಳಿಗೆಂಪಾಗಿದ್ದು, ಗಾಳಿಬೆಳಕು ತಾಗಿದಂತೆ ಕಂದುಬಣ್ಣಕ್ಕೆ ತಿರುಗುವುದು. ಒಣಗಿದ ಮರವು ಒಂದು ಘನಮೀಟರಿಗೆ ಸುಮಾರು 800 ಕಿಲೋ ತೂಗುವುದು. ಗಡಸುತನದಲ್ಲಿ ತೇಗಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಪೆಟ್ಟು ತಡೆಯುವುದರಲ್ಲಿ ಇದಕ್ಕೆ ಸಮನಾದ ಮರಗಳು ಕಡಮೆ. ಆದುದರಿಂದಲೇ ನೇಗಿಲು, ಕುಂಟೆ, ಬಂಡಿಯ ಗಾಲಿ, ಒನಕೆ, ಕೊಡಲಿಯ ಕಾವು ಮುಂತಾದ ಪೆಟ್ಟು ತಿನ್ನುವ ಸಾಮಾನುಗಳಿಗೆಲ್ಲ ನಮ್ಮ ಹಿರಿಯರು ಜಾಲಿಯನ್ನೇ ಆರಿಸಿದರು. ಉತ್ತರ ಹಿಂದೂಸ್ಥಾನದಲ್ಲಿ ಹಗ್ಗದ ಮಂಚಗಳ ಕಾಲುಗಳನ್ನು ಇದರಿಂದಲೇ ಕಡೆಯುವ ವಾಡಿಕೆಯುಂಟು. ದೋಷವೂ ಇಲ್ಲದಿಲ್ಲ. ಹೊರಗಣ ಬಿಳಿಯ ಭಾಗಕ್ಕೆ ಹುಳು ಬೀಳುವುದು. ಅದಕ್ಕಾಗಿ ದಿಮ್ಮಿಯನ್ನು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿ, ಆಮೇಲೆ ನೆರಳಿನಲ್ಲಿ ನಿಧಾನವಾಗಿ ಆರಿಸುವರು. ಬಿಸಿಲಿಗೆ ಹಾಕಿದರೆ ತುದಿಗಳು ಸೀಳುವುವು. ತೊಗಟೆಯಲ್ಲಿರುವ ಒಗರು ಚರ್ಮ ಹದಮಾಡುವುದಕ್ಕೆ ಬರುವುದೆಂಬುದನ್ನು ಎಲ್ಲರೂ ಬಲ್ಲರು. ಆ ಒಗರೇ ಹಸಿಮರಕ್ಕೆ ಕಬ್ಬಿಣ ತಾಗಿದಲ್ಲಿ ಕಪ್ಪು ಕಲೆಯನ್ನುಂಟುಮಾಡುವುದು.

ಇನ್ನು ಕಡಚಲಿನ ವಿಷಯ. ಕಡಚಲೆಂದರೆ ಮರವನ್ನು ತಿರುಗಿಸಿ ಉಳಿಯಿಂದ ಗುಂಡಾಗಿ ಕೆತ್ತುವ ಯಂತ್ರ. ಈಗಿನವರು ಲೇತು ಎನ್ನುವರು. ಕನ್ನಡದಲ್ಲಿ ಮೊಸರನ್ನೂ ಕಡೆಯುವೆವು, ಮರವನ್ನೂ ಕಡೆಯುವೆವು. ಎರಡಕ್ಕೂ ಒಂದೇ ಮಾತು ಏಕೆ ಬಂದಿತೆಂದು ನಾನು ಬಹುಕಾಲ ಯೋಚಿಸಿರಲಿಲ್ಲ. ಹಳೆಯ ರೀತಿಯ ಕಡಚಲನ್ನು ಕಣ್ಣಾರೆ ಕಂಡಾಗ ತಾನಾಗಿ ತಿಳಿಯಿತು. ಎರಡು ಮೊನೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಅದಕ್ಕೆ ಹಗ್ಗವನ್ನು ಸುತ್ತಿ, ಎದುರಿಗೆ ಕುಳಿತ ಆಳು ಒಮ್ಮೆ ಬಲಗೈಯಿಂದ ಒಮ್ಮೆ ಎಡಗೈಯಿಂದ ಎಳೆಯುವನು. ಗೃಹಿಣಿಯು ಕಡೆಗೋಲಿಗೆ ಹಗ್ಗವನ್ನು ಸುತ್ತಿ ಮಾಡುವ ಕೆಲಸವೂ ಇದೇ ಅಲ್ಲವೆ? ಕಡೆಗೋಲನ್ನು ಅಡ್ಡ ಮಲಗಿಸಿದರೆ ಕಡಚಲಾಯಿತು. ಮರವು ಮುಂದಕ್ಕೆ ತಿರುಗುವಾಗ ಮಾತ್ರ ಉಳಿ ತಾಗಬೇಕು. ಹಿಂದಕ್ಕೆ ತಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಹಿಂದೆಗೆಯಬೇಕು. ಎಳೆಯುವವನ ಉಸಿರೂ ಕೆತ್ತುವವನ ಕೈಯೂ ಒಂದಾಗದೆ ಈ ಕೆಲಸವು ನಡೆಯದು.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲವೆಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಹರಪನಹಳ್ಳಿಯ ಸಮೀಪದ ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿಯುಂಟು. ಚಾಲುಕ್ಯ ತೈಲಪನ ಕಾಲದ, 987ರ ಶಾಸನವು ಅಲ್ಲಿದೆ. ಅದರ ಸಭಾಮಂಟಪದ ಕಂಬಗಳಲ್ಲಿ ಅನೇಕವು ಬಳೆಬಳೆಯಾಗಿ, ಗಂಟೆಯ ಆಕಾರವಾಗಿ, ಕೈಯಾಡಿಸಿದರೆ ಎಲ್ಲಿಯೂ ತಡೆಯದಂತೆ ನುಣ್ಣಗಿರುವುವು. ಹೂವಿನ ಹಡಗಲಿ, ಹಿರೇಹಡಗಲಿ, ಮಾಗಳ, ಕುರುವತ್ತಿಗಳಲ್ಲಿಯೂ ಆ ಕಾಲದ ಶಿಲ್ಪವನ್ನು ಕಾಣಬಹುದು. ಮದ್ರಾಸು ಪ್ರಾಂತದ ಪುರಾತತ್ವ ಇಲಾಖೆಯ ಅಲೆಗ್ಸಾಂಡರ್ ರೀ ಎಂಬವರು ಬಳ್ಳಾರಿ ಜಿಲ್ಲೆಯ ಈ ಗುಡಿಗಳ ಚಿತ್ರಗಳೊಡನೆ 1896ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಬಳಪದ ಜಾತಿಯ ಮೃದುವಾದ ಕಲ್ಲನ್ನು ತಿರುಗಣೆಗೆ ಕೊಟ್ಟು ಇಂತಹ ಕಂಬಗಳನ್ನು ಕಡೆದರೆಂದು ವಿದ್ವಾಂಸರು ಹೇಳುವರು. ಕಲ್ಲನ್ನು ಕಡೆದವನು ಅದಕ್ಕೆ ಮೊದಲು ಮರವನ್ನು ಕಡೆದು ಕೈ ಪಳಗಿಸಿಕೊಂಡಿದ್ದಿರಬೇಕೆಂದು ನನಗೆ ತೋರುವುದು.

ಇಷ್ಟನ್ನೂ ನಾನು ವಿಚಾರಿಸತೊಡಗಿದುದಕ್ಕೆ ನಮ್ಮ ಮನೆಯ ಒಂದು ಸಂಗತಿಯು ಕಾರಣ. ಕೊಟ್ಟೂರಿಗೆ ಸಮೀಪದ ನಮ್ಮ ಎರೆಹೊಲದ ಬದುವಿನ ಮೇಲೆ ತೀರ್ಥರೂಪರು ಕಾಪಾಡಿದ ಒಂದು ಕರಿಜಾಲಿಯಿತ್ತು. ಒಂದು ಮುಂಗಾರಿನ ಬಿರುಗಾಳಿಗೆ ಅದು ಉರುಳಿತು. ಇಟ್ಟಿಗೆಯ ಭಟ್ಟಿಯವರು ಮರುದಿನವೇ ಬಂದು ಸೌದೆಯ ಲೆಕ್ಕದಲ್ಲಿ ಬೆಲೆ ಕಟ್ಟಿದರು. ನಾನು ಕೊಂಬೆಗಳನ್ನು ಮಾತ್ರ ಕೊಟ್ಟು, ಬೊಡ್ಡೆಯನ್ನು ಕೊಯ್ಯಿಸಿ, ಮಳೆಗಾಲದಲ್ಲಿ ಕೆರೆಗೆ ಹಾಕಿಸಿ, ಆಮೇಲೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಒಟ್ಟಿಸಿದೆನು. ಮರುವರ್ಷ ನಮ್ಮ ಮಗಳು ಹೆರಿಗೆಗೆ ತವರಿಗೆ ಬಂದಳು. ಅವಳ ಮೊದಲನೆಯ ಕೂಸು ಮೂರು ತಿಂಗಳೂ ಉಳಿದಿರಲಿಲ್ಲ. ಆ ಕೂಸನ್ನು ಮಲಗಿಸಿದ್ದ ತೊಟ್ಟಿಲನ್ನು ಮತ್ತೆ ಹೊರಗೆ ತೆಗೆಯಲು ಯಾರಿಗೂ ಮನಸ್ಸಿರಲಿಲ್ಲ. ಅಜ್ಜನ ಕೈಯ ಮರದಿಂದಲೇ ಹೊಸ ತೊಟ್ಟಿಲಾಗಲೆಂದು ನಾನು ಹೇಳಿದೆನು.

ನನ್ನ ಮನೆಯವರು ಒಪ್ಪಲಿಲ್ಲ. "ಕಲಘಟಗಿಯ ಬಣ್ಣದ ತೊಟ್ಟಿಲು ತರಿಸಿರಿ, ಸಾಲವಾದರೂ ಚಿಂತೆಯಿಲ್ಲ. ಮುಳ್ಳಿನ ಮರದಲ್ಲಿ ನನ್ನ ಮೊಮ್ಮಗುವನ್ನು ಮಲಗಿಸಲಾರೆ" ಎಂದರು. ಮಾತಿಗೆ ಮಾತು ಜೋಡಿಸಿ ಗೆಲ್ಲುವ ಸಂದರ್ಭ ಅದಾಗಿರಲಿಲ್ಲ. ಆ ಮಾತಿನ ಹಿಂದಿದ್ದುದು ಮೌಢ್ಯವಲ್ಲ, ಭಯ. ನಾನು ಸುಮ್ಮನಾದೆನು.

ಕೆಲವು ದಿನಗಳ ಮೇಲೆ ಕಡಚಲಿನ ಕೆಲಸ ಬಲ್ಲ ಮುದುಕರಾದ ಬಡಿಗರೊಬ್ಬರು ದಿಮ್ಮಿಯನ್ನು ನೋಡಲು ಬಂದರು. ಅವರು ನನ್ನೊಡನೆ ಹೆಚ್ಚು ಮಾತಾಡದೆ ನಡುಮನೆಯ ಗೋಡೆಗೆ ಒರಗಿಸಿದ್ದ ಒನಕೆಯನ್ನು ಕೈಗೆ ತೆಗೆದುಕೊಂಡು, "ಯವ್ವಾ, ಇದು ಯಾವ ಮರದ್ದು?" ಎಂದು ಕೇಳಿದರು. ನನ್ನ ಮನೆಯವರು ಉತ್ತರ ಕೊಡಲಿಲ್ಲ. "ಇದೂ ಜಾಲೀನ ತಾಯೀ. ಮಗಳ ಮದುವಿಯೊಳಗ ಇದಕ್ಕ ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡಿದವರು ನೀವ. ಮುಳ್ಳು ಇರೂದು ಟೊಂಗಿಯೊಳಗ, ಚೇಗಿನೊಳಗ ಎಲ್ಲೈತಿ?" ಎಂದು ಒನಕೆಯನ್ನು ಅವರ ಕೈಗೆ ಕೊಟ್ಟರು. ಹಿಡಿದು ಹಿಡಿದು ಕನ್ನಡಿಯಂತಾಗಿದ್ದ ಆ ನಡುವನ್ನು ಅವರು ಬಹಳ ಹೊತ್ತು ಸವರುತ್ತ ನಿಂತರು. ಆಮೇಲೆ, "ಎಲ್ಲಿಯೂ ಸಿಬರು ಇರಕೂಡದು" ಎಂದಷ್ಟೇ ಹೇಳಿ ಒಳಗೆ ಹೋದರು.

ಬಡಿಗರ ಮನೆಯಲ್ಲಿ ಹಗ್ಗದ ಕಡಚಲು ಮೂಲೆಗೆ ಸೇರಿತ್ತು. ಅವರ ಮಗನು ವಿದ್ಯುಚ್ಛಕ್ತಿಯ ಲೇತನ್ನು ಹಾಕಿಸಿರುವನು. ಅದರಲ್ಲಿ ಮರವು ಒಂದೇ ದಿಕ್ಕಿಗೆ ಬಿಡದೆ ತಿರುಗುವುದರಿಂದ ಕೆಲಸವು ಬೇಗ ಸಾಗುವುದು. ಆದರೆ ಜಾಲಿಯ ಗಡಸುತನಕ್ಕೆ ಉಳಿಯ ಬಾಯಿ ಬೇಗನೆ ಮೊಂಡಾಗುವುದು. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಹಾಲೆಮರವು ಮೃದುವಾದುದು. ಜಾಲಿಯಾದರೋ ಅವಸರವನ್ನು ಸಹಿಸದು. ಮಗನು ಎರಡು ಕಾಲುಗಳನ್ನು ಕಡೆಯುವಷ್ಟರಲ್ಲಿ ಮುದುಕರು ನಾಲ್ಕಾರು ಸಲ ಲೇತನ್ನು ನಿಲ್ಲಿಸಿ ಉಳಿ ಮಸೆಯಿಸಿದುದನ್ನು ನಾನು ಕಂಡೆನು. "ಮಸಿಯೂದ ಅರ್ಧ ಕೆಲಸ" ಎಂಬುದು ಅವರ ಮಾತು. ಬೆಳ್ಳನೆಯ ಭಾಗವನ್ನೆಲ್ಲ ತೆಗೆದುಹಾಕಿ ಚೇಗಿನಿಂದಲೇ ನಾಲ್ಕು ಕಾಲುಗಳನ್ನೂ ಸುತ್ತಣ ಕಿರುಗಂಬಗಳನ್ನೂ ಕಡೆದರು. ಸಿಪ್ಪೆಯು ಕೆಂಪು ಸುರುಳಿಯಾಗಿ ಹಾರಿ ನೆಲವನ್ನೆಲ್ಲ ಮುಚ್ಚಿತು. ಅರಗಿನ ಬಣ್ಣವನ್ನು ನಾವು ಹಾಕಿಸಲಿಲ್ಲ. ಕುಸುಬೆಯ ಎಣ್ಣೆಯನ್ನು ಅರಿವೆಯಲ್ಲಿ ಅದ್ದಿ ಎಂಟು ದಿನ ತಿಕ್ಕಿದವರು ನನ್ನ ಮನೆಯವರೇ. ಒಂದೊಂದು ಕಿರುಗಂಬವನ್ನೂ ಕೆನ್ನೆಗೆ ತಾಗಿಸಿ ಪರೀಕ್ಷಿಸುತ್ತಿದ್ದರು. ನಾಮಕರಣದ ದಿನ ತೊಟ್ಟಿಲನ್ನು ಕಟ್ಟಿದಾಗ ಮೊದಲು ತೂಗಿದವರೂ ಅವರೇ. ಆ ಮಗುವು ಈಗ ಶಾಲೆಗೆ ಹೋಗುತ್ತಿರುವುದು.

ಈ ಬರಹವನ್ನು ಓದುವ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೇ. ಹೊಲದ ಬದುವಿನ ಜಾಲಿಯು ಒಣಗಿದರೆ ಅಥವಾ ಗಾಳಿಗೆ ಬಿದ್ದರೆ ಇಡೀ ಮರವನ್ನು ಭಟ್ಟಿಗೆ ತೂಗಿ ಕೊಡುವ ಮೊದಲು ಬೊಡ್ಡೆಯನ್ನು ಒಮ್ಮೆ ಕೊಯ್ಯಿಸಿ ನೋಡಿರಿ. ಒಂದು ಗೇಣಿನಷ್ಟು ಅಗಲವಾದ ಕೆಂಪು ಚೇಗು ಕಂಡರೆ ಅದು ಸೌದೆಯಲ್ಲ. ಅದರಿಂದ ಲಟ್ಟಣಿಗೆಯಾಗಬಹುದು, ಕಡೆಗೋಲಾಗಬಹುದು, ಮಕ್ಕಳ ಬುಗುರಿಯಾಗಬಹುದು, ಮಂಚದ ಕಾಲಾಗಬಹುದು. ಕಡೆಯಬಲ್ಲ ಕೈಗಳು ನಮ್ಮ ತಾಲ್ಲೂಕುಗಳಲ್ಲಿ ವರ್ಷವರ್ಷಕ್ಕೂ ಕಡಮೆಯಾಗುತ್ತಿರುವುವು. ಕೆಲಸ ಕೊಡುವವರಿಲ್ಲದೆ ಕೆಲಸಗಾರರು ಉಳಿಯುವುದು ಹೇಗೆ? ವರ್ಷಕ್ಕೊಂದು ಸಾಮಾನನ್ನಾದರೂ ಊರ ಬಡಿಗರಿಂದ ಮಾಡಿಸಿದರೆ ಅವರ ಉಳಿಗೆ ತುಕ್ಕು ಹಿಡಿಯಲಾರದು. ಬಿದ್ದ ಮರದ ಸ್ಥಳದಲ್ಲಿ ಮತ್ತೆರಡು ಕರಿಜಾಲಿಯ ಬೀಜಗಳನ್ನು ಊರುವುದನ್ನೂ ಮರೆಯಬಾರದು. ಆಡುಕುರಿಗಳು ತಿಂದು ಉಗುಳಿದ ಬೀಜವು ಬೇಗನೆ ಮೊಳೆಯುವುದೆಂದು ಕುರುಬರು ಬಲ್ಲರು. ಅವರ ಹಟ್ಟಿಯಿಂದ ಒಂದು ಹಿಡಿ ತಂದರೆ ಸಾಕು. ಅದರ ಚೇಗು ಬಲಿಯುವಷ್ಟರಲ್ಲಿ ನಮ್ಮ ಮೊಮ್ಮಕ್ಕಳಿಗೆ ತೊಟ್ಟಿಲಿನ ಅಗತ್ಯ ಬಿದ್ದಿರುವುದು.